ಹಿಂದೆ ನಿಂತು ತಪ್ಪು ಹೇಳುವವನು

ಫೋರ್‌ಮನ್ ಕುರ್ಚಿ ಅಂದರೆ ಸಿಂಹಾಸನವೇನಲ್ಲ. ಒಂದು ಕೈ ಮುರಿದು ತಂತಿ ಸುತ್ತಿಸಿಕೊಂಡ ಕಬ್ಬಿಣದ ಕುರ್ಚಿ, ಅದರ ಮೇಲೆ ಹೊಟ್ಟೆ ಬಿರಿದು ಹತ್ತಿ ಕಾರುವ ಒಂದು ದಿಂಬು. ಆದರೆ ಛಾಪಖಾನೆಯ ಬೈಂಡಿಂಗ್ ಶೆಡ್ಡಿನಲ್ಲಿ ಒಂಬತ್ತು ವರ್ಷ ನಿಂತೇ ದುಡಿದವನಿಗೆ ಅದರ ಬೆಲೆ ಗೊತ್ತು. ಬ್ಲೇಡು ಅಂಥವನು. ಕಾಗದ ಕತ್ತರಿಸುವ ಮೆಷಿನ್ನು ಅವನ ಪಾಲಿನದು, ಹಾಗಾಗಿ ಶೆಡ್ಡಿನವರು ಇಟ್ಟ ಹೆಸರೂ ಅದೇ. ಎಂಟನೇ ಕ್ಲಾಸಿನಲ್ಲಿ ಶಾಲೆಗೆ ಕೈಮುಗಿದು ಬಂದ ಮನುಷ್ಯ. ಅಳತೆಪಟ್ಟಿ ಇಲ್ಲದೆ ಅರ್ಧ ಮಿಲಿಮೀಟರಿನ ವ್ಯತ್ಯಾಸ ಹಿಡಿಯುತ್ತಿದ್ದ. ಯಾರನ್ನು ನೋಡಿ ಯಜಮಾನರು ಎಷ್ಟು ಹೆಚ್ಚು ನಕ್ಕರು, ಯಾರ ಹೆಗಲು ಎಷ್ಟು ಸಲ ತಟ್ಟಿದರು, ಅದನ್ನು ಇನ್ನೂ ಸೂಕ್ಷ್ಮವಾಗಿ ಹಿಡಿಯುತ್ತಿದ್ದ.

ಹಳೇ ಫೋರ್‌ಮನ್ನು ಮಂಡಿನೋವು ತಾಳಲಾರದೆ ಕೆಲಸ ಬಿಟ್ಟಾಗ ಬ್ಲೇಡು ಮನೆಯಲ್ಲಿ ಹೊಸ ಶರ್ಟು ಇಸ್ತ್ರಿ ಮಾಡಿಸಿಟ್ಟುಕೊಂಡ. ಸರದಿ ತನ್ನದು ಅನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಆದರೆ ಆ ಹೊತ್ತಿಗೆ ಸರಿಯಾಗಿ ಯಜಮಾನರ ತಲೆಗೆ ರೋಮ್ ಹೊಕ್ಕಿತ್ತು.

ಹೊಕ್ಕಿಸಿದವರು ಭಾಷಣದವರು ಅಂತ ಒಬ್ಬರು. ಕಂಪನಿ ಕಂಪನಿ ತಿರುಗಿ ಮ್ಯಾನೇಜರುಗಳನ್ನು ಎದುರಿಗೆ ಕೂರಿಸಿಕೊಂಡು, ಎರಡು ಸಾವಿರ ವರ್ಷದ ಹಿಂದಿನ ರೋಮ್ ದೊರೆಗಳಿಂದ ಇವತ್ತಿನ ಧಣಿಗಳು ಏನು ಕಲಿಯಬೇಕು ಅಂತ ಮಾತಾಡುವುದು ಅವರ ಕಸುಬು. ಕಲಿಯಬೇಕಾದ್ದು ಧಣಿಗಳಂತೆ; ಕಲಿತದ್ದನ್ನು ಪ್ರಯೋಗ ಮಾಡುವುದು ಮಾತ್ರ ಕೆಲಸಗಾರರ ಮೈಮೇಲೆ. ಅವರ ಭಾಷಣಗಳ ಪುಸ್ತಕ ಇದೇ ಛಾಪಖಾನೆಯಲ್ಲಿ ಅಚ್ಚಾಗುವುದಿತ್ತು. ಆ ನೆಪದಲ್ಲಿ ಯಜಮಾನರನ್ನು ಎರಡು ದಿನದ ಶಿಬಿರಕ್ಕೆ ಪುಕ್ಕಟೆಯಾಗಿ ಕರೆದಿದ್ದರು. ಯಜಮಾನರು ಹೋಗುವಾಗ ಬರೀ ಯಜಮಾನರಾಗಿದ್ದರು, ಬರುವಾಗ ಅರ್ಧ ಚಕ್ರವರ್ತಿ.

ಸೋಮವಾರ ಬೆಳಿಗ್ಗೆ ಶೆಡ್ಡಿನ ನಡುವೆ ನಿಂತು ಹೇಳಿದರು: "ರೋಮ್‌ನಲ್ಲಿ ಒಂದು ಕಾಲಕ್ಕೆ ಒಳ್ಳೊಳ್ಳೆ ಚಕ್ರವರ್ತಿಗಳು ಸಾಲಾಗಿ ಬಂದ್ರು. ಯಾಕೆ ಗೊತ್ತಾ? ಹಿಂದಿನವನ ಮಗ ಅಂತ ಪಟ್ಟ ಕಟ್ಟಲಿಲ್ಲ. ಯೋಗ್ಯನಾದವನ್ನ ಹುಡುಕಿ ದತ್ತು ತಗೊಂಡ್ರು. ನಾನೂ ಹಾಗೇ ಮಾಡ್ತೀನಿ. ಹಿರಿಯ ಕಿರಿಯ ಅಂತ ನೋಡಲ್ಲ."

ಬ್ಲೇಡು ಕಾಲರು ಸರಿಮಾಡಿಕೊಂಡ. ಯಜಮಾನರ ಬೆರಳು ಅವನನ್ನು ದಾಟಿ, ಹಾಳೆ ಮಡಿಸುವ ಮಡಿಕೆ ಮೆಷಿನ್ನಿನ ಹತ್ತಿರ ನಿಂತಿದ್ದವನ ಮೇಲೆ ಹೋಗಿ ನಿಂತಿತು.

ಅವನು ಬೇರೆ ಯಾರಾದರೂ ಆಗಿದ್ದರೆ ಬ್ಲೇಡು ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದನೋ ಏನೋ. ಅವನು ಷಡ್ಡಕ. ಹೆಂಡತಿಯ ತಂಗಿಯ ಗಂಡ. ನಾಲ್ಕು ವರ್ಷದ ಹಿಂದೆ ಬೇರೆ ಕೆಲಸ ಸಿಗದೆ ಬೀದಿ ಅಳೆಯುತ್ತಿದ್ದಾಗ ಕೈಹಿಡಿದು ಕರೆತಂದು, ಯಜಮಾನರ ಮುಂದೆ ನಿಲ್ಲಿಸಿ, "ನಮ್ಮ ಹುಡುಗ, ಒಳ್ಳೆಯವನು" ಅಂತ ಹೇಳಿದ ಬಾಯಿ ಬ್ಲೇಡಿನದೇ. ಆ ಬಾಯಿಗೆ ಈಗ ಏನು ಶಿಕ್ಷೆ ಕೊಡಬೇಕೋ ಅವನಿಗೆ ತಿಳಿಯಲಿಲ್ಲ.

"ಮೂರು ತಿಂಗಳು ನೋಡ್ತೀನಿ," ಅಂದರು ಯಜಮಾನರು. "ದೊಡ್ಡ ಎಡವಟ್ಟೇನಾದ್ರೂ ಆಯ್ತೋ, ಕುರ್ಚಿ ಬ್ಲೇಡಿಗೆ. ಇಲ್ಲ ಅಂದ್ರೆ ಕಾಯಂ."

ಆ ಮೂರು ತಿಂಗಳು ಅನ್ನುವ ಮಾತನ್ನು ಬ್ಲೇಡು ಗಟ್ಟಿಯಾಗಿ ಹಿಡಿದುಕೊಂಡ.

ಮನೆಯಲ್ಲೂ ನೆಮ್ಮದಿಯಿಲ್ಲ. ಒಂದೇ ಮನೆ, ಕೆಳಗೆ ಇವನ ಸಂಸಾರ, ಮೇಲೆ ಷಡ್ಡಕನದು. ನಡುವಿನ ಮಾಳಿಗೆ ಎಷ್ಟು ತೆಳು ಅಂದರೆ ಮೇಲೆ ಚಮಚ ಬಿದ್ದರೆ ಕೆಳಗೆ ಗೊತ್ತಾಗುತ್ತದೆ, ಅದು ದೊಡ್ಡ ಚಮಚವೋ ಸಣ್ಣದೋ ಅಂತ. ಅತ್ತೆ ವಾರಕ್ಕೊಬ್ಬ ಮಗಳ ಹತ್ತಿರ ಇರುತ್ತಿದ್ದರು. ಈ ಸಲ ಮೇಲಿನ ವಾರ ಮುಗಿದರೂ ಕೆಳಗಿಳಿದಿರಲಿಲ್ಲ. ಊಟದ ಹೊತ್ತಿಗೆ ಮೇಲಿನಿಂದ ನಗು ಕೇಳಿಸಿತು.

"ಅದೇನು ಅಷ್ಟು ನಗೋದು?" ಅಂದ ಬ್ಲೇಡು.

"ನಗೋದಕ್ಕೂ ನಿಮ್ಮ ಪರ್ಮಿಶನ್ ಬೇಕಾ?" ಅಂದಳು ಹೆಂಡತಿ. "ನೀವೇ ತಾನೇ ಅವರಿಗೆ ಕೆಲಸ ಕೊಡಿಸಿದ್ದು? ಹೆಮ್ಮೆ ಪಡ್ರೀ."

"ಪಡ್ತಾ ಇದೀನಲ್ಲ. ಕಾಣಲ್ವಾ?"

"ಕಾಣುತ್ತೆ ಕಾಣುತ್ತೆ. ತಟ್ಟೇಲಿ ಇನ್ನೂ ಅನ್ನಾನೇ ಹಾಕಿಲ್ಲ, ಆಗ್ಲೇ ಹಲ್ಲು ಕಡೀತಿದೀರ."

ಆಮೇಲೆ ಅತ್ತೆ ಕೆಳಗೆ ಬಂದರು, ಬಾಗಿಲಲ್ಲೇ ನಿಂತು ಸಮಾಧಾನ ಹೇಳಿದರು. "ಚಿಕ್ಕ ಅಳಿಯಂದ್ರು ಕೂತು ಕೆಲಸ ಮಾಡೋ ಹಾಗಾದ್ರು. ದೊಡ್ಡ ಅಳಿಯಂದ್ರಿಗೂ ದೇವರು ಒಂದಿನ ಕಣ್ಣು ಬಿಡ್ತಾನೆ ಬಿಡಿ." ಹುಣ್ಣಿಗೆ ಉಪ್ಪು ಸವರುವವರು ಹೀಗೇ, ಬಹಳ ಮೆತ್ತಗೆ ಸವರುತ್ತಾರೆ.

ಷಡ್ಡಕ ಕುರ್ಚಿಯ ಮೇಲೆ ಸೊಕ್ಕಿನಿಂದ ಕೂತಿದ್ದರೆ ಬ್ಲೇಡಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅಲ್ಪನಿಗೆ ಐಶ್ವರ್ಯ ಬಂತು ಅಂತ ಗಾದೆ ಹೇಳಿಕೊಂಡು ತಿರುಗಬಹುದಿತ್ತು. ಆದರೆ ಆ ಪುಣ್ಯಾತ್ಮ ಕೂರಲೇ ಇಲ್ಲ. ಅಚ್ಚಾಗಿ ಬರುತ್ತಿದ್ದ ಭಾಷಣದವರ ಪುಸ್ತಕದ ಹಾಳೆಗಳನ್ನು ಬಿಡುವಾದಾಗೆಲ್ಲ ಓದಿ ಓದಿ, ರೋಮ್ ಚಕ್ರವರ್ತಿಗಳು ದಂಡಿನ ಜೊತೆ ನಡೆದರಂತೆ, ಸಿಪಾಯಿಗಳು ಉಂಡದ್ದನ್ನೇ ಉಂಡರಂತೆ ಅಂತ ತಾನೂ ನಿಂತೇ ಕೆಲಸ ಮಾಡಿದ. ಕುರ್ಚಿಯನ್ನು ಅಂಟಜ್ಜನಿಗೆ ಕೊಟ್ಟ. ಅಂಟಜ್ಜ ಪುಸ್ತಕದ ಬೆನ್ನಿಗೆ ಗಮ್ ಹಾಕುವವನು, ಅರವತ್ತು ದಾಟಿದವನು, ಒಂದು ಕಣ್ಣಿಗೆ ಪೊರೆ. "ನನ್ನ ಮಗಾನೂ ಹೀಗೆ ನೋಡ್ಕೊಳ್ಳಿಲ್ಲ" ಅಂತ ಅವನು ಇಡೀ ದಿನ ಮೂಗೆಳೆದ. ತಾನು ಒಂಬತ್ತು ವರ್ಷ ಕಣ್ಣಿಟ್ಟ ಕುರ್ಚಿಯಲ್ಲಿ ಅಂಟಜ್ಜನ ಅಂಟು ಮೆತ್ತಿದ ಪಂಚೆ ಕೂತದ್ದನ್ನು ಬ್ಲೇಡು ನೋಡಬೇಕಾಯಿತು.

ಒಂದು ಸಂಜೆ ಷಡ್ಡಕ ಮೆಷಿನ್ನಿನ ಹತ್ತಿರ ಬಂದು ನಿಂತ.

"ಅಣ್ಣಾ, ಒಂದು ಮಾತು. ಪುಸ್ತಕದಲ್ಲಿ ಓದಿದೆ. ರೋಮ್‌ನಲ್ಲಿ ಗೆದ್ದು ಬಂದ ದಂಡನಾಯಕನ ಮೆರವಣಿಗೆ ಹೋಗುವಾಗ, ಅವನ ರಥದಲ್ಲೇ ಹಿಂದೆ ಒಬ್ಬ ಗುಲಾಮ ನಿಂತು ಕಿವೀಲಿ ಹೇಳ್ತಾ ಇರ್ತಿದ್ನಂತೆ, ನೀನೂ ಸಾಯೋ ಮನುಷ್ಯಾನೇ, ಮರೀಬೇಡ ಅಂತ. ನನಗೂ ಹಾಗೆ ಒಬ್ರು ಬೇಕು. ದಿನಾ ಸಂಜೆ ನನ್ನ ತಪ್ಪು ನನಗೆ ಹೇಳೋರು."

"ಅಂದ್ರೆ ನೀನು ದಂಡನಾಯಕ, ನಾನು ಗುಲಾಮ."

"ಛೆ ಛೆ, ಹಾಗಲ್ಲ ಅಣ್ಣಾ! ನಿನ್ನಷ್ಟು ಚೆನ್ನಾಗಿ ತಪ್ಪು ಹುಡುಕೋರು ಈ ಶೆಡ್ಡಲ್ಲಿ ಯಾರಿದಾರೆ?"

ಇದು ಹೊಗಳಿಕೆಯೋ ಬೈಗುಳವೋ ಅಂತ ಬ್ಲೇಡು ಒಂದು ಗಳಿಗೆ ಯೋಚಿಸಿದ. ಆಮೇಲೆ ಒಪ್ಪಿಕೊಂಡ. ಇಷ್ಟು ದಿನದಿಂದ ಹೊಟ್ಟೆಯೊಳಗೆ ಕುದಿಯುತ್ತಿದ್ದುದನ್ನು ಎದುರಿಗೇ ಸುರಿಯಲು ಯಾರಾದರೂ ಕರೆದು ಪಾತ್ರೆ ಕೊಟ್ಟರೆ ಬೇಡ ಅನ್ನುತ್ತಾರೆಯೇ?

ಮೊದಲ ದಿನ ಹೇಳಿದ: "ಮಾತಾಡುವಾಗ ನಿನ್ನ ಉಗುಳು ಹಾರುತ್ತೆ." ಷಡ್ಡಕ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಬರೆದುಕೊಂಡ. ಎರಡನೇ ದಿನ: "ಅಂಟಜ್ಜನ್ನ ಎಲ್ಲರ ಮುಂದೆ ಗದರಿಸಿದೆ." ಷಡ್ಡಕ ನೆಟ್ಟಗೆ ಹೋಗಿ ಎಲ್ಲರ ಮುಂದೆಯೇ ಕ್ಷಮೆ ಕೇಳಿದ, ಅಂಟಜ್ಜ ಮತ್ತೆ ಮೂಗೆಳೆದ. ಮೂರನೇ ದಿನ: "ಯಜಮಾನರು ಬಂದ್ರೆ ನಿನ್ನ ದನಿ ಮೆತ್ತಗಾಗುತ್ತೆ. ಹೆದರುಪುಕ್ಕಲ." ಮಾರನೆಯ ದಿನ ಷಡ್ಡಕ ಯಜಮಾನರಿಗೆ ಎದುರು ನಿಂತು ಶೆಡ್ಡಿಗೆ ಎರಡು ಫ್ಯಾನು ಹಾಕಿಸಿದ. ಮಡಿಸಿದ ಹಾಳೆ ಜೋಡಿಸುವ ಮೇಜಿನ ಒಡತಿ, ಬಾಯಿಗೆ ಬ್ರೇಕಿಲ್ಲದ ರೇಡಿಯೋ ಅಕ್ಕ, ಗಾಳಿಗೆ ಸೆರಗು ಹಾರಿಸಿಕೊಂಡು ಪ್ರಸಾರ ಮಾಡಿದಳು: "ಇಂಥ ಫೋರ್‌ಮನ್ನು ಹುಟ್ಟೇ ಇಲ್ಲ ಕಣ್ರೇ, ಹುಟ್ಟೋದೂ ಇಲ್ಲ!"

ಬ್ಲೇಡಿಗೆ ಆಗ ಹೊಳೆಯಿತು. ಇವನ ಮೇಲೆ ಎಸೆದ ಕಲ್ಲನ್ನೆಲ್ಲ ಇವನು ಆರಿಸಿಕೊಂಡು ಮನೆ ಕಟ್ಟುತ್ತಿದ್ದಾನೆ. ಕಲ್ಲು ತನ್ನದು, ಗೃಹಪ್ರವೇಶ ಅವನದು! ಮೂರು ತಿಂಗಳು ಹೀಗೇ ನಡೆದರೆ ಕುರ್ಚಿ ಕಾಯಂ ಆಗುತ್ತದೆ, ಅದನ್ನು ಕಾಯಂ ಮಾಡಿಸಿದವನು ತಾನೇ ಆದಂತಾಗುತ್ತದೆ. ಆ ದಿನವೇ ಅವನು ನಿರ್ಧಾರ ಮಾಡಿದ: ಇನ್ನು ಸಣ್ಣಪುಟ್ಟ ತಪ್ಪು ಹೇಳುತ್ತೇನೆ. ದೊಡ್ಡದು ಸಿಕ್ಕಿದ ದಿನ ಬಾಯಿಗೆ ಬೀಗ.

ದೊಡ್ಡದು ಬುಧವಾರ ಸಿಕ್ಕಿತು. ಹೊಸ ಫೋರ್‌ಮನ್ನಿಗೆ ಆಗ ಎರಡನೇ ತಿಂಗಳು ನಡೆಯುತ್ತಿತ್ತು.

ಪುಸ್ತಕದ ಎಲ್ಲ ಹಾಳೆ ಅಚ್ಚಾಗಿ, ಮಡಿಕೆಯಾಗಿ ಶೆಡ್ಡಿಗೆ ಬಂದಿತ್ತು. ಎರಡು ಸಾವಿರ ಪ್ರತಿ. ಶನಿವಾರ ದೊಡ್ಡ ಸಭಾಂಗಣದಲ್ಲಿ ಬಿಡುಗಡೆ. ಒಂದು ಅಚ್ಚಿನ ಹಾಳೆ ಮಡಿಸಿದರೆ ಹದಿನಾರು ಪುಟ, ಅದಕ್ಕೆ ಫಾರಂ ಅನ್ನುತ್ತಾರೆ. ಇಂಥ ಎಂಟು ಫಾರಂ ಒಂದರ ಮೇಲೊಂದು ಕೂತರೆ ಪುಸ್ತಕ. ಉದ್ದ ಮೇಜಿನ ಮೇಲೆ ಎಂಟು ಅಟ್ಟಿಗಳನ್ನು ಸಾಲಾಗಿ ಇಟ್ಟರೆ, ರೇಡಿಯೋ ಅಕ್ಕನ ತಂಡ ಮೇಜಿನ ಸುತ್ತ ನಡೆಯುತ್ತ ಪ್ರತಿ ಅಟ್ಟಿಯಿಂದ ಒಂದೊಂದು ಎತ್ತಿಕೊಂಡು ಜೋಡಿಸುತ್ತದೆ. ಅಟ್ಟಿಗಳನ್ನು ಸರಿಯಾದ ಸಾಲಿನಲ್ಲಿ ಇಡಿಸುವುದು, ಮೊದಲ ಜೋಡಣೆಯನ್ನು ಬಿಡಿಸಿ ಪುಟ ನೋಡುವುದು ಫೋರ್‌ಮನ್ನಿನ ಕೆಲಸ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಷಡ್ಡಕ ಐದನೇ ಫಾರಮ್ಮಿನ ಅಟ್ಟಿಯ ಮೇಲೆಯೇ ಕೂತು, ಮೇಲಿನದೊಂದನ್ನು ಬಿಡಿಸಿ ಓದುತ್ತಿದ್ದ. ಅದರಲ್ಲಿ ಸ್ಟೋಯಿಕರ ಮಾತಿತ್ತು. ಹೊರಗೆ ನಡೆಯುವುದು ನಮ್ಮ ಕೈಯಲ್ಲಿಲ್ಲ, ಅದಕ್ಕೆ ಮನಸ್ಸು ಕೊಡುವ ಉತ್ತರ ಮಾತ್ರ ನಮ್ಮ ಕೈಯಲ್ಲಿದೆ ಅನ್ನುವ ಪಂಥದವರು ಅವರು. ಗುಲಾಮನೂ ಆ ಪಂಥದಲ್ಲಿದ್ದನಂತೆ, ಚಕ್ರವರ್ತಿಯೂ ಇದ್ದನಂತೆ. ಬೆಲ್ಲು ಹೊಡೆಯಿತು. ಉಳಿದ ಏಳು ಅಟ್ಟಿಗಳು ಮೇಜಿಗೆ ಬಂದವು. ಐದನೆಯದು ಷಡ್ಡಕನ ಕೆಳಗಿದ್ದುದರಿಂದ ಅದರ ಜಾಗಕ್ಕೆ ಆರನೆಯದು ಬಂತು. ಅವನು ಎದ್ದು, ಇನ್ನೂ ಓದಿನ ಗುಂಗಿನಲ್ಲೇ, ತಾನು ಕೂತಿದ್ದ ಅಟ್ಟಿಯನ್ನು ಎತ್ತಿ ಖಾಲಿ ಕಂಡ ಆರನೇ ಜಾಗದಲ್ಲಿಟ್ಟ. ಮೊದಲ ಜೋಡಣೆಯನ್ನು ಕೈಗೆ ತಗೊಂಡ, ಮೊದಲ ಪುಟ ನೋಡಿದ, ಕೊನೆಯ ಪುಟ ನೋಡಿದ, "ಹ್ಞೂಂ, ನಡೀಲಿ" ಅಂದ.

ಮೂರು ಗಂಟೆಗೆ ಬ್ಲೇಡು ನೀರು ಕುಡಿಯಲು ಆ ಕಡೆ ಹೋದ. ಜೋಡಿಸಿದ ಪುಸ್ತಕಗಳು ಬೆನ್ನು ಈಚೆ ಮಾಡಿ ಎದೆಯೆತ್ತರ ನಿಂತಿದ್ದವು. ಪ್ರತಿ ಫಾರಮ್ಮಿನ ಬೆನ್ನಿನ ಮಡಿಕೆಯಲ್ಲಿ ಒಂದು ಪುಟ್ಟ ಕರಿಗೆರೆ ಇರುತ್ತದೆ. ಮೊದಲನೆಯದರಲ್ಲಿ ಮೇಲೆ, ಎರಡನೆಯದರಲ್ಲಿ ಅದಕ್ಕಿಂತ ಸ್ವಲ್ಪ ಕೆಳಗೆ, ಹೀಗೆ. ಸಾಲು ಸರಿಯಿದ್ದರೆ ಎಂಟು ಗೆರೆ ಸೇರಿ ಮೆಟ್ಟಿಲಿನ ಹಾಗೆ ಇಳಿಯುತ್ತವೆ. ಬ್ಲೇಡಿನ ಕಣ್ಣು ತಾನಾಗಿಯೇ ಮೆಟ್ಟಿಲಿಳಿಯಿತು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಮೆಟ್ಟಿಲು ಕುಸಿದು, ಮತ್ತೆ ಮೇಲೆ ಹತ್ತಿ, ಮತ್ತೆ ಇಳಿದಿತ್ತು. ಇಡೀ ರಾಶಿಯ ತುಂಬ ಹಾಗೇ.

ಲೋಟ ಕೈಯಲ್ಲೇ ಉಳಿಯಿತು. ಈಗ ಹೇಳಿದರೆ ಏನೂ ಹಾಳಾಗಿಲ್ಲ, ಎರಡು ಫಾರಂ ಅದಲುಬದಲು ಮಾಡಿದರೆ ಮುಗಿಯಿತು. ಅಂಟು ಬಿದ್ದ ಮೇಲೆ ಮುಗಿಯಿತು, ಇನ್ನೊಂದು ಅರ್ಥದಲ್ಲಿ.

"ಏನ್ ಬ್ಲೇಡು, ದೆವ್ವ ಕಂಡೋರ ಹಾಗೆ ನಿಂತ್ಬಿಟ್ಟೆ?" ಅಂದಳು ರೇಡಿಯೋ ಅಕ್ಕ.

"ಏನಿಲ್ಲಕ್ಕ. ಕಣ್ಣಿಗೆ ಧೂಳು."

ಸಂಜೆ ಷಡ್ಡಕ ನೋಟ್‌ಬುಕ್ ಹಿಡಿದು ಬಂದ. "ಹೇಳಣ್ಣಾ, ಇವತ್ತಿನದೇನು?"

ಬ್ಲೇಡು ಮೆಷಿನ್ನಿನ ಮೇಲಿನ ಕಾಗದದ ಚೂರುಗಳನ್ನು ಬ್ರಷ್ಷಿನಿಂದ ಗುಡಿಸುತ್ತ ಹೇಳಿದ: "ಇವತ್ತು ಏನೂ ಇಲ್ಲ."

"ಏನೂ ಇಲ್ವಾ?"

"ಇಲ್ಲ ಅಂದ್ನಲ್ಲ. ಇಲ್ಲದ್ದನ್ನ ಎಲ್ಲಿಂದ ತರಲಿ?"

ಷಡ್ಡಕನ ಮುಖ ಅರಳಿತು. "ಅಣ್ಣಾ, ಇದೇ ಮೊದಲ ದಿನ ಕಣೋ ನಿನ್ನ ಬಾಯಿಂದ ಏನೂ ಇಲ್ಲ ಅಂತ ಬಂದಿದ್ದು! ನಡಿ, ಚಹಾ ಕೊಡಿಸ್ತೀನಿ." ಚಹಾ ಕೊಡಿಸಿದ. ಮನೆಗೆ ಹೋಗಿ ಅದನ್ನೂ ಹೇಳಿಕೊಂಡಿರಬೇಕು. ಮಾಳಿಗೆಯ ಮೇಲೆ ಮತ್ತೆ ನಗು ಕೇಳಿಸಿತು. ಬ್ಲೇಡು ಮಲಗಿಕೊಂಡು, ನಗಿ ನಗಿ, ಶುಕ್ರವಾರದ ತನಕ ನಗಿ ಅಂದುಕೊಂಡ.

ಗುರುವಾರ ಬೆಳಿಗ್ಗೆ ಅಂಟಜ್ಜ ಪೊರೆಗಣ್ಣಿನಲ್ಲೇ ಗಮ್ ಹಾಕಿ ಕವರು ಹೊದಿಸಿದ. ಹತ್ತು ಹತ್ತು ಪುಸ್ತಕದ ಕಟ್ಟುಗಳು ಬ್ಲೇಡಿನ ಮುಂದೆ ಬಂದು ನಿಂತವು. ಕಾಲಲ್ಲಿ ಪೆಡಲು ಒತ್ತಿ ಕಟ್ಟನ್ನು ಅದುಮಬೇಕು, ಎರಡೂ ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಬೇಕು, ಆಗಲೇ ಅಲಗು ಇಳಿಯುವುದು. ಒಂದು ಕಟ್ಟಿಗೆ ಮೂರು ಅಂಚು, ಇನ್ನೂರು ಕಟ್ಟು. ಅಂದರೆ ಆ ದಿನ ಬ್ಲೇಡಿಗೆ ಸುಮ್ಮನೆ ಕೈ ಎತ್ತಿ ನಿಲ್ಲಲು ಆರುನೂರು ಅವಕಾಶವಿತ್ತು. ಮೊದಲನೆಯದಕ್ಕೆ ಕೈ ಹಿಂಜರಿಯಿತು. ಷಡ್ಡಕ ಅತ್ತ ಅಂಟಜ್ಜನಿಗೆ ನೀರು ಕೊಡುತ್ತಿದ್ದ, ಅಂಟಜ್ಜ ಅವನ ತಲೆ ಸವರುತ್ತಿದ್ದ. ಬ್ಲೇಡು ಗುಂಡಿ ಒತ್ತಿದ. ಆಮೇಲಿನ ಐನೂರ ತೊಂಬತ್ತೊಂಬತ್ತು ಸಲ ಕೈ ಹಿಂಜರಿಯಲಿಲ್ಲ.

ಷಡ್ಡಕ ಬಂದು ಒಂದು ಪುಸ್ತಕ ಎತ್ತಿಕೊಂಡು ಅಂಚಿನ ಮೇಲೆ ಬೆರಳಾಡಿಸಿದ. "ಬೆಣ್ಣೆ ಕುಯ್ದ ಹಾಗಿದೆ ಅಣ್ಣಾ. ಈ ಕೈ ಎಲ್ಲರಿಗೂ ಬರಲ್ಲ." ಬೆರಳಾಡಿಸಿ, ಬಿಡಿಸಿ ನೋಡದೆ, ಕೆಳಗಿಟ್ಟು ಹೋದ.

ಶುಕ್ರವಾರ ಬೆಳಿಗ್ಗೆ ಭಾಷಣದವರು ಬಂದರು. ಕಡುನೀಲಿ ಕೋಟು, ಎಲ್ಲ ತಿಳಿದವರ ನಿಧಾನದ ನಡಿಗೆ. ಯಜಮಾನರು ಶೆಡ್ಡಿನಲ್ಲೇ ಎಲ್ಲರ ಮುಂದೆ ಮೊದಲ ಪ್ರತಿಯನ್ನು ಅವರ ಕೈಗಿಟ್ಟರು.

"ನಾಳೆ ಸಭೇಲಿ ಯಾವ ಪುಟ ಓದಬೇಕು ಅಂತ ಆಗಲೇ ಗುರುತು ಮಾಡ್ಕೊಂಡಿದ್ದೀನಿ," ಅಂದರು ಭಾಷಣದವರು. "ಅರವತ್ತನಾಲ್ಕು. ದಂಡಿನ ಡೇರೇಲಿ ಕೂತು ತನಗೆ ತಾನೇ ಬುದ್ಧಿ ಹೇಳಿಕೊಂಡ ಚಕ್ರವರ್ತಿ. ಇಷ್ಟು ಕೆಲಸ ಮಾಡಿದ್ದೀರಿ, ನೀವೂ ಕೇಳಿ." ಪುಟ ಬಿಡಿಸಿ, ಗಂಟಲು ಸರಿಮಾಡಿಕೊಂಡು ಓದಿದರು: "'ಕೋಪ ಉಕ್ಕಿ ಬಂದ ಗಳಿಗೆಯಲ್ಲಿ ಆ ಮಹಾನುಭಾವ ಒಂದು ಮಾತೂ ಆಡದೆ, ಯಾರಿಗೂ ತಿಳಿಯದಂತೆ...'" ಎದುರಿನ ಪುಟಕ್ಕೆ ಹೊರಳಿದರು, "'...ತನ್ನ ಹೆತ್ತ ತಾಯಿಯನ್ನೇ ಕೊಲ್ಲಿಸಿದ.'"

ಎಂಬತ್ತೊಂದನೇ ಪುಟದ ದುಷ್ಟ ದೊರೆ ನೀರೋ ಬಂದು ಅರವತ್ತೈದನೇ ಪುಟದಲ್ಲಿ ಕೂತಿದ್ದ.

ರೇಡಿಯೋ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಭಾಷಣದವರ ಮುಖ ಮೊದಲು ಕೆಂಪಾಯಿತು, ಆಮೇಲೆ ನೀಲಿ ಕೋಟಿಗೆ ಹೊಂದುವ ಬಣ್ಣಕ್ಕೆ ತಿರುಗಿತು. ಪುಸ್ತಕವನ್ನು ಎತ್ತಿ ಒಗೆದರು. ಅದು ಅಂಟಿನ ಡಬ್ಬಿಗೆ ಬಡಿದು ಬಿತ್ತು. "ಅಡ್ನಾಡಿಗಳಾ! ಅನ್ನ ತಿಂತೀರೋ ಕಾಗದ ತಿಂತೀರೋ? ನಿಮ್ಮ ಮೇಲೆ ಕೇಸು ಹಾಕ್ತೀನಿ! ನಾಳೆ ಸಭೆಗೆ ನೂರಾರು ಜನ ಬರ್ತಾರ್ರೀ!"

"ಇವರೇನಾ ಸಿಟ್ಟು ಗೆಲ್ಲೋದು ಹೇಳ್ಕೊಡೋರು?" ಅಂತ ಅಕ್ಕ ಸೆರಗಿನೊಳಗೇ ಗೊಣಗಿದಳು.

ಯಜಮಾನರು ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ಷಡ್ಡಕ ಮುಂದೆ ಬಂದು ನಿಂತಿದ್ದ. ಬಿದ್ದ ಪುಸ್ತಕವನ್ನು ಎತ್ತಿ ನೋಡಿದ್ದ, ಅವನಿಗೆ ಎಲ್ಲ ಗೊತ್ತಾಗಿತ್ತು. "ತಪ್ಪು ನಂದು ಸಾರ್. ಐದು ಆರು ಅದಲುಬದಲು ಇಟ್ಟವನು ನಾನು. ಸರಿಯಾಗಿ ನೋಡ್ದೆ ನಡೀಲಿ ಅಂದವನೂ ನಾನೇ."

"ನಿನ್ನ ಮುಖಕ್ಕೆ ಯೋಗ್ಯ ಅಂತ ಪಟ್ಟ ಕಟ್ಟಿದೆನಲ್ಲೋ!" ಯಜಮಾನರ ಕಣ್ಣು ಈಗ ಮೆಷಿನ್ನಿನ ಕಡೆ ಹೊರಳಿತು. "ಏ ಬ್ಲೇಡು, ನಿನ್ನ ಹದ್ದಿನ ಕಣ್ಣಿಗೂ ಬೀಳಲಿಲ್ವಾ ಇದು?"

ಬ್ಲೇಡು ಇಲ್ಲ ಅನ್ನಬೇಕು ಅಂತ ಎರಡು ದಿನದಿಂದ ಅಭ್ಯಾಸ ಮಾಡಿದ್ದ. ಆದರೆ ಷಡ್ಡಕ ಅವನನ್ನೇ ನೋಡುತ್ತ, ನಿಧಾನವಾಗಿ ಹೇಳಿದ:

"ಬಿದ್ದಿತ್ತು ಸಾರ್. ಅಣ್ಣ ಬುಧವಾರಾನೇ ಹೇಳ್ದ. ನಾನೇ ಕಿವಿಗೆ ಹಾಕ್ಕೊಳ್ಳಿಲ್ಲ."

ಯಜಮಾನರು ಒಂದು ಸಲ ಇವನನ್ನು, ಒಂದು ಸಲ ಅವನನ್ನು ನೋಡಿದರು. "ಹಾಗಾದ್ರೆ ಇನ್ನೇನು ಯೋಚನೆ. ಇವತ್ತಿಂದ ಫೋರ್‌ಮನ್ನು ಬ್ಲೇಡು. ನೀನು ವಾಪಸ್ ಮಡಿಕೆ ಮೆಷಿನ್ನಿಗೆ ಹೋಗು."

ಬಂತು. ಒಂಬತ್ತು ವರ್ಷ ಕಾದದ್ದು ಬಂತು. ಬ್ಲೇಡು ಸುತ್ತ ನೋಡಿದ. ಹೊಸ ಫೋರ್‌ಮನ್ನಿನ, ಅಂದರೆ ತನ್ನ, ಮುಖ ಒಬ್ಬರೂ ನೋಡುತ್ತಿರಲಿಲ್ಲ. ಅಂಟಜ್ಜ ಷಡ್ಡಕನನ್ನು ನೋಡಿ ಮೂಗೆಳೆಯುತ್ತಿದ್ದ. ರೇಡಿಯೋ ಅಕ್ಕ ಷಡ್ಡಕನನ್ನು ನೋಡಿ ಕೆನ್ನೆಗೆ ಕೈ ಹಚ್ಚಿದ್ದಳು. ಮಡಿಕೆಯವರು, ಹೊರೆ ಹೊರುವವರು, ಕೊನೆಗೆ ಯಜಮಾನರ ಕಣ್ಣಿನ ಮೂಲೆ ಕೂಡ ಷಡ್ಡಕನ ಕಡೆಗೇ. ಕುರ್ಚಿ ಕಳೆದುಕೊಂಡವನು ಕುರ್ಚಿಗಿಂತ ಎತ್ತರಕ್ಕೆ ಹೋಗಿ ನಿಂತಿದ್ದ. ಸಂಜೆ ಮಾಳಿಗೆಯ ಮೇಲೆ ಅತ್ತೆ ಏನು ಹೇಳುತ್ತಾರೆ ಅನ್ನುವುದು ಬ್ಲೇಡಿಗೆ ಈಗಲೇ ಕೇಳಿಸಿತು: ಚಿಕ್ಕ ಅಳಿಯಂದ್ರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ರು. ಸಾಯುವ ತನಕ ಹೇಳುತ್ತಾರೆ. ಆ ಕುರ್ಚಿಯಲ್ಲಿ ಕೂತಾಗೆಲ್ಲ ದಿಂಬಿನ ಹತ್ತಿಯೂ ಅದನ್ನೇ ಹೇಳುತ್ತದೆ.

ಬ್ಲೇಡು ಮೆಷಿನ್ ಬಿಟ್ಟು ಮುಂದೆ ಬಂದ. ಅವನನ್ನು ತಳ್ಳಿದ್ದನ್ನು ಸತ್ಯ ಅಂತ ಕರೆಯುವುದು ತಪ್ಪಾಗುತ್ತದೆ. ಅದು ಶುದ್ಧ ಉರಿ.

"ಸುಳ್ಳು!" ಅಂತ ಕಿರುಚಿದ. "ಸುಳ್ಳು ಹೇಳ್ತಾನೆ ಸಾರ್ ಇವ್ನು! ನಾನು ಹೇಳೇ ಇಲ್ಲ. ಬುಧವಾರ ಮೂರು ಗಂಟೇಗೇ ನೋಡ್ದೆ. ನೋಡೀ ಬಾಯಿ ಮುಚ್ಕೊಂಡೆ. ಸಂಜೆ ಕೇಳ್ದ, ಏನೂ ಇಲ್ಲ ಅಂದೆ. ನೆನ್ನೆ ಎರಡು ಸಾವಿರಾನೂ ನಾನೇ ಕುಯ್ದೆ, ಗೊತ್ತಿದ್ದೇ ಕುಯ್ದೆ!"

"ಯಾಕೋ?" ಅಂದರು ಯಜಮಾನರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಹೊಟ್ಟೆಕಿಚ್ಚು ಸಾರ್." ಡಾಕ್ಟರು ಕೇಳಿದಾಗ ಇಂಥ ಕಡೆ ನೋವು ಅನ್ನುವ ಹಾಗೆ ಹೇಳಿದ. "ಈ ದೊಡ್ಡ ಮನುಷ್ಯನ ಭಿಕ್ಷೆ ಮಾತ್ರ ನನಗೆ ಬೇಡ."

ಭಾಷಣದವರೂ ಬೈಯುವುದನ್ನು ಮರೆತು ನಿಂತರು. ಅವರ ಪುಸ್ತಕದಲ್ಲಿ ಈ ಥರದ ಮನುಷ್ಯನಿಗೆ ಅಧ್ಯಾಯವಿರಲಿಲ್ಲ.

ಮೊದಲು ಬಾಯಿಬಿಟ್ಟವನು ಅಂಟಜ್ಜ. "ಬೆನ್ನು ಕುಯ್ದು ಮತ್ತೆ ಅಂಟಿಸಬಹುದು ಯಜಮಾನ್ರೇ. ಬೆನ್ನು ಹೋದ್ರೆ ಎಲ್ಲ ಬಿಡಿಹಾಳೆ ಆಗ್ತವೆ. ಐದರದು ಆರರದು ಬದಲಾಯಿಸಿ, ಹೊಸ ಕವರು ಹಾಕಿದ್ರಾಯ್ತು. ಪುಸ್ತಕ ಒಂಚೂರು ಸಣ್ಣಗಾಗುತ್ತೆ, ಅಷ್ಟೇ. ನಾಳೆಗೆ ಇನ್ನೂರು ಆದ್ರೆ ಸಭೆ ನಡೆಯುತ್ತಲ್ಲ, ಉಳಿದದ್ದು ಆಮೇಲೆ."

"ಬೆನ್ನಿಂದ ಅಕ್ಷರಕ್ಕೆ ಎಷ್ಟು ಜಾಗ ಇದೆ ಗೊತ್ತಾ?" ಅಂದರು ಯಜಮಾನರು. "ಮೂರು ಮಿಲಿಗಿಂತ ಒಂದು ಕೂದಲು ಹೆಚ್ಚು ಹೋದ್ರೂ, ಬೈಂಡಾದ ಮೇಲೆ ಅಕ್ಷರ ಬೆನ್ನೊಳಗೆ ಹೂತುಹೋಗುತ್ತೆ. ಯಾರ ಕೈಲಾಗುತ್ತೆ ಅದು?"

ಎಲ್ಲರೂ ಬ್ಲೇಡಿನ ಕಡೆ ನೋಡಿದರು. ನೋಡಬಾರದಿತ್ತು ಅನ್ನುವ ಮುಖದಲ್ಲಿ ನೋಡಿದರು.

ಯಜಮಾನರು ಹಲ್ಲು ಕಚ್ಚಿ ತೀರ್ಪು ಕೊಟ್ಟರು. "ಎರಡು ಸಾವಿರಾನೂ ಮುಗಿಸು. ಮುಗಿದ ಮಾರನೇ ದಿನದಿಂದ ಆ ಮೆಷಿನ್ ಮುಟ್ಟಬೇಡ, ಜೋಡಣೆ ಮೇಜಿಗೆ ಹೋಗು, ರೇಡಿಯೋ ಕೈಕೆಳಗೆ." ಷಡ್ಡಕನ ಕಡೆ ತಿರುಗಿ, "ನೀನು ಕುರ್ಚೀಲೇ ಇರು. ಆದ್ರೆ ಇನ್ನು ಕೆಲಸದ ಹೊತ್ತಲ್ಲಿ ಓದೋದು ಕಂಡ್ರೆ ಕಾಲು ಮುರೀತೀನಿ" ಅಂದು ಭಾಷಣದವರನ್ನು ಕರೆದುಕೊಂಡು ಹೋದರು.

ಕುರ್ಚಿ ಹೋಯಿತು, ಮೆಷಿನ್ನೂ ಹೋಯಿತು. ಇನ್ನು ಸಂಜೆಯ ತನಕ ಬೆನ್ನು ಕುಯ್ಯುವುದು. ಬ್ಲೇಡು ಒಂದೊಂದೇ ಪುಸ್ತಕ ಇಟ್ಟು, ಕಣ್ಣು ಕಿರಿದು ಮಾಡಿ, ಗುಂಡಿ ಒತ್ತಿದ. ಎದುರಿಗೆ ನಿಂತ ಷಡ್ಡಕ ಬಿಡಿಯಾದ ಹಾಳೆಗಳಲ್ಲಿ ನೀರೋನನ್ನು ಹಿಂದಕ್ಕೆ ಸರಿಸಿ, ಅವನ ಜಾಗಕ್ಕೆ ಸ್ಟೋಯಿಕರನ್ನು ತಂದು ಅಂಟಜ್ಜನ ಕಡೆ ದಾಟಿಸಿದ. ಒಂದು ಗಂಟೆಯಲ್ಲಿ ಅರವತ್ತು ಬೆನ್ನು ಆದವು.

"ಯಾಕೆ ಹೇಳ್ದೆ ಅಣ್ಣಾ?" ಅಂದ ಷಡ್ಡಕ ಕ‌ಡೆಗೆ. "ಸುಮ್ನಿದ್ದಿದ್ರೆ ಕುರ್ಚಿ ನಿಂದಾಗಿತ್ತು."

"ನೀನು ಕೊಟ್ಟಿದ್ರಲ್ಲಿ ನಾನು ಕೂರಲ್ಲ."

"ನಾನ್ಯಾಕೆ ಹಾಗೆ ಹೇಳ್ದೆ ಅಂತ ಕೇಳಲ್ವಾ?"

"ಗೊತ್ತಲ್ಲ. ಮಹಾತ್ಮ ನೀನು. ರೋಮಿನೋನು."

ಷಡ್ಡಕ ಹಾಳೆಗಳನ್ನು ಮೇಜಿಗೆ ತಟ್ಟಿ ಸಮ ಮಾಡಿದ. ಸ್ವಲ್ಪ ಜೋರಾಗಿಯೇ ತಟ್ಟಿದ. "ಮಹಾತ್ಮನಂತೆ! ಮೆಟ್ಟಿಲು ಮುರಿದಿದ್ದು ನಿನ್ನ ಕಣ್ಣಿಗೆ ಬೀಳ್ದೇ ಇರುತ್ತಾ? ಪುಸ್ತಕ ನೋಡಿದ ತಕ್ಷಣ ಗೊತ್ತಾಯ್ತು ನಂಗೆ, ನೀನು ನೋಡಿದ್ದೂ ಹೇಳಿಲ್ಲ ಅಂತ. ಮೈಯೆಲ್ಲ ಉರೀತು. ಆ ಕುರ್ಚಿ ಇವನಿಗೇ ಹೋಗಲಿ, ಅದರಲ್ಲಿ ಕೂತು ದಿನಾ ನನ್ನ ಮುಖ ನೋಡಿ ಸಾಯಲಿ ಅಂತ ಹೇಳ್ದೆ. ಸೇಡಿಗೆ ಹೇಳ್ದೆ ಕಣೋ."

ಬ್ಲೇಡಿನ ಕೈ ಗುಂಡಿಯ ಮೇಲೆಯೇ ನಿಂತಿತು.

"ಇನ್ನೊಂದು ಹೇಳ್ಲಾ?" ಅಂದ ಷಡ್ಡಕ, ಬ್ಲೇಡಿನ ಕೈಯನ್ನೇ ನೋಡುತ್ತ. "ಬಂದ ಹೊಸತರಲ್ಲಿ ನೀನಿಲ್ಲದಾಗ ಕದ್ದು ಈ ಮೆಷಿನ್ನಲ್ಲಿ ರದ್ದಿ ಕುಯ್ದು ನೋಡ್ತಿದ್ದೆ. ಒಂದಾದ್ರೂ ನೆಟ್ಟಗೆ ಬರಬೇಕಲ್ಲ! ಫೋರ್‌ಮನ್ ಆದ್ರೂ ಎಲ್ಲರೂ ನಿನ್ನ ಅಂಚನ್ನೇ ಸವರಿ ನೋಡ್ತಾರೆ. ನನಗೆ ಸವರೋಕೆ ಏನಿದೆ, ನೋಟ್‌ಬುಕ್ಕಾ?"

ಬ್ಲೇಡು ಅವನನ್ನು ಮೇಲಿಂದ ಕೆಳಗೆ ನೋಡಿದ. ಅಂದರೆ ಇವನಿಗೂ ಇತ್ತು, ತನಗಿಂತ ಹಳೆಯದು. ಒಂದು ಗಳಿಗೆ ಅವನಿಗೆ ಹಗುರ ಅನ್ನಿಸಿತು. ಮರುಗಳಿಗೆಗೇ ಹೊಸ ಲೆಕ್ಕ ಶುರುವಾಯಿತು: ತನ್ನ ಹೊಟ್ಟೆಕಿಚ್ಚು ತನ್ನನ್ನು ಎಲ್ಲರ ಮುಂದೆ ಕಳ್ಳನ ಹಾಗೆ ನಿಲ್ಲಿಸಿತು, ಇವನ ಹೊಟ್ಟೆಕಿಚ್ಚು ಇವನನ್ನು ಧರ್ಮರಾಯ ಮಾಡಿತು. ಥೂ! ಉರಿಯುವುದರಲ್ಲೂ ಇವನದೇ ಕೈ ಮೇಲೆ.

"ಹೋಗಿ ಅದನ್ನ ಎಲ್ಲರ ಮುಂದೆ ಹೇಳು ನೋಡೋಣ," ಅಂದ ಬ್ಲೇಡು.

"ಯಾವುದನ್ನ?"

"ಸೇಡಿಗೆ ಹೇಳ್ದೆ ಅಂದ್ಯಲ್ಲ, ಅದನ್ನ. ನಾನು ಹೇಳಿದೀನಿ. ಗಂಡಸಾದ್ರೆ ನೀನೂ ಹೇಳು."

ಷಡ್ಡಕ ಶೆಡ್ಡಿನ ಕಡೆ ತಿರುಗಿ ನೋಡಿದ. ಅಂಟಜ್ಜ ಅವನನ್ನು ನೋಡಿ ಹಲ್ಲಿಲ್ಲದ ಬಾಯಲ್ಲಿ ನಕ್ಕ, ರೇಡಿಯೋ ಅಕ್ಕ ಅವನಿಗೆ ಅಂತ ಚಹಾ ತೆಗೆದಿಟ್ಟಿದ್ದಳು.

"ಕಷ್ಟ ಅಣ್ಣಾ," ಅಂದ.

"ಹಾಂ. ಈಗ ಗೊತ್ತಾಯ್ತಾ," ಅಂದ ಬ್ಲೇಡು. ಇಷ್ಟು ದಿನದಲ್ಲಿ ಮೊದಲ ಸಲ, ಒಂದೇ ಒಂದು ವಿಷಯದಲ್ಲಿ, ಷಡ್ಡಕನಿಗಿಂತ ಅರ್ಧ ಮಿಲಿಮೀಟರ್ ಮುಂದಿದ್ದೇನೆ ಅನ್ನಿಸಿತು ಅವನಿಗೆ.

"ಏ ಷಡ್ಡಕರಾ!" ಮೇಜಿನ ಆ ತುದಿಯಿಂದ ರೇಡಿಯೋ ಅಕ್ಕ ಕೂಗಿದಳು. "ಸಂಸಾರದ ಸುದ್ದಿ ಮನೆಗೆ ಹೋಗಿ ಮಾತಾಡ್ಕೊಳ್ಳಿ. ನಾಳೆ ಸಭೆಗೆ ಇನ್ನೂ ನೂರಾ ನಲವತ್ತು ಬೆನ್ನು ಬಾಕಿ ಇದೆ!"

ಬ್ಲೇಡು ಪೆಡಲು ಒತ್ತಿದ.